ಹಾಲಿನ ಹೊತ್ತಿಗೆ ನಿಲ್ಲುತ್ತಿದ್ದ ಮಿಕ್ಸರ್

ನಮ್ಮವರು ತೀರಿಕೊಂಡು, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು, ಊರಿನಿಂದ ಬಂದ ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಇಬ್ಬರು ಹುಡುಗಿಯರು ಭಾಂಡುಪಿನ ನಮ್ಮ ಮನೆ ಹುಡುಕಿಕೊಂಡು ಬಂದರು. ನಾನು ಕೆಲಸ ಮಾಡಿ ನಿವೃತ್ತಳಾದ ಸಂಸ್ಥೆಗೆ ಹೊಸದಾಗಿ ಸೇರಿದವರು. ಕಟ್ಟಡ ಕೆಲಸಕ್ಕೆ ಬರುವ ಹೆಂಗಸರ ಮಕ್ಕಳಿಗಾಗಿ ಸೈಟಿನಲ್ಲೇ ಬಾಲವಾಡಿ ನಡೆಸುವ ಸಂಸ್ಥೆ ಅದು. ಇಬ್ಬರಲ್ಲಿ ಒಬ್ಬಳ ತಾಯಿ ಹುಬ್ಬಳ್ಳಿಯವಳಂತೆ. ಅವಳು ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದಳು.

"ಆಂಟಿ, ಅಂಕಲ್ ವಿಷಯ ಕೇಳಿ ತುಂಬಾ ಬುರಾ ಲಗಾ. ಆಫೀಸಲ್ಲಿ ಎಲ್ಲರೂ ಹೇಳ್ತಾರೆ, ನೀವಿಬ್ರೂ ಒಂದೇ ಸೈಟಲ್ಲಿ ಇದ್ರಿ ಅಂತ. ಆವಾಗ ಸೈಟ್ ಹೇಗಿತ್ತು, ಬತಾಯಿಯೇ ನಾ."

ಅವರು ಫೋನಿನಲ್ಲಿ ತಮ್ಮ ಸೈಟು ತೋರಿಸಿದರು. ಗೇಟಿನಲ್ಲಿ ಕೂಲಿಗಳು ಹೆಬ್ಬೆರಳು ಒತ್ತಿ ಒಳಗೆ ಹೋಗುತ್ತಾರೆ. ಕಾಂಕ್ರೀಟು ಎಲ್ಲಿಂದಲೋ ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ, ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತದೆ. ಇದು ಹಸಿರು ಕಟ್ಟಡ ಎಂದು ಎಲೆಯ ಚಿತ್ರ ಬರೆದ ಬೋರ್ಡು ಇದೆ. ಹೆಲ್ಮೆಟ್ ಹಾಕಿದ ಒಬ್ಬಳು ಹುಡುಗಿ ಗಂಡಸರಿಗೆಲ್ಲ ಕೈ ತೋರಿಸಿ ಏನೋ ಹೇಳುತ್ತಿದ್ದಳು. ನೋಡಿ ನನಗೆ ನಿಜವಾಗಿ ಸಂತೋಷವಾಯಿತು.

"ನಿಮ್ಮ ಟೈಮಲ್ಲಿ ಇದೆಲ್ಲ ಏನೂ ಇರಲಿಲ್ಲ ಅಲ್ವಾ ಆಂಟಿ?" ಎಂದು ಆ ಕನ್ನಡದ ಹುಡುಗಿ ಕೇಳಿದಳು.

ಇರಲಿಲ್ಲ ಎಂದೆ. ಅವರು ಹೋದ ಮೇಲೆ ಆ ಉತ್ತರ ಸರಿಯಾಗಲಿಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಓದು ಹತ್ತನೆಯ ತರಗತಿಯವರೆಗೆ ಮಾತ್ರ. ಬರೆದು ಅಭ್ಯಾಸವಿಲ್ಲ. ಈಗ ಮಧ್ಯಾಹ್ನದ ಹೊತ್ತು ಮನೆಯಲ್ಲಿ ಮಾತಾಡುವುದಕ್ಕೆ ಯಾರೂ ಇಲ್ಲ.

ನಮ್ಮವರ ಅಣ್ಣಂದಿರು, ಚಿಕ್ಕಪ್ಪನ ಮಕ್ಕಳು ಎಲ್ಲರೂ ಉಡುಪಿ ಕಡೆಯಿಂದ ಬಂದು ಗ್ರಾಂಟ್ ರೋಡಿನ ಹೋಟೆಲುಗಳಲ್ಲಿ ನಿಂತವರು. ಇವರೂ ಅಲ್ಲೇ ಇಡ್ಲಿ ಹಿಟ್ಟಿನ ಗ್ರೈಂಡರ್ ನೋಡಿಕೊಳ್ಳುತ್ತಿದ್ದರು. ಅಡುಗೆಮನೆಯ ಹೊಗೆ ಇವರ ಎದೆಗೆ ಆಗಿಬರಲಿಲ್ಲ. ಗ್ರೈಂಡರಿನ ಮೋಟಾರು ರಿಪೇರಿಗೆ ಬರುತ್ತಿದ್ದವನ ಪರಿಚಯದಿಂದ ಒಂದು ಕಟ್ಟಡ ಕಂಪನಿಗೆ ಸೇರಿ ಕಾಂಕ್ರೀಟ್ ಮಿಕ್ಸರ್ ನಡೆಸುವವರಾದರು. ಊರಿಗೆ ಹೋದಾಗ ಯಾರಾದರೂ ಕೇಳಿದರೆ, "ಅಲ್ಲಿ ಹಿಟ್ಟು ರುಬ್ಬುತ್ತಿದ್ದೆ, ಇಲ್ಲಿ ಜಲ್ಲಿ ರುಬ್ಬುತ್ತೇನೆ. ಇಲ್ಲಿ ಉಪ್ಪು ಕಮ್ಮಿಯಾಯಿತು ಅಂತ ಯಾರೂ ಬೈಯುವುದಿಲ್ಲ" ಎನ್ನುತ್ತಿದ್ದರು.

ನಾನು ಮದುವೆಯಾಗಿ ಬಂದಾಗ ಅವರ ಸೈಟು ಭಾಂಡುಪಿನಲ್ಲಿ, ಗುಡ್ಡದ ಬದಿಗೆ. ಹೌಸಿಂಗ್ ಕಾಲೊನಿಯ ಬಿಲ್ಡಿಂಗುಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಕೂಲಿಗಳಲ್ಲಿ ಹೆಚ್ಚಿನವರು ಗುಲ್ಬರ್ಗ, ಯಾದಗಿರಿ ಕಡೆಯವರು. ಸೈಟಿನ ಬಾಲವಾಡಿಯಲ್ಲಿದ್ದ ಟೀಚರಿಗೆ ಮರಾಠಿ ಬಿಟ್ಟು ಬೇರೆ ಬಾರದು. ಮಕ್ಕಳು ಹೊಟ್ಟೆ ನೋವೆಂದು ಅಳುತ್ತವೆಯೋ ಹಸಿವೆಂದು ಅಳುತ್ತವೆಯೋ ತಿಳಿಯದೆ ಆಕೆ ಕಂಗಾಲಾಗಿದ್ದರು. ನಮ್ಮವರು ಹೋಗಿ, ನನ್ನ ಹೆಂಡತಿಗೆ ಕನ್ನಡ ಬರ್ತದೆ ಎಂದರಂತೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಆದರೂ ಆ ಒಂದು ಮಾತಿನ ಮೇಲೆ ನನಗೆ ಕೆಲಸ ಸಿಕ್ಕಿತು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಮಾಡಿದ ಅವಾಂತರವನ್ನು ಹೊಸಬರಿಗೆ ಹೇಳಲೇಬೇಕು. ಮಕ್ಕಳ ಮೈಯೆಲ್ಲ ಬಿಳಚಿಕೊಂಡು ಒಡೆದಿರುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಮಾಡುವ ಹಾಗೆ ಬೆಳಿಗ್ಗೆಯೇ ತಲೆಯಿಂದ ಕಾಲಿನವರೆಗೆ ತೆಂಗಿನೆಣ್ಣೆ ತಿಕ್ಕಿ, ಸ್ವಲ್ಪ ಹೊತ್ತು ಮೈಗೆ ಹಿಡಿಯಲಿ ಎಂದು ಅಂಗಳಕ್ಕೆ ಬಿಟ್ಟೆ. ಪಕ್ಕದಲ್ಲೇ ಸಿಮೆಂಟ್ ಚೀಲ ಬಿಚ್ಚಿ ಸುರಿಯುತ್ತಿದ್ದರು. ನೀರು ಕಾಯಿಸಿ ತರುವಷ್ಟರಲ್ಲಿ ಅಷ್ಟೂ ಮಕ್ಕಳು ಬೂದು ಬಣ್ಣದ ಗೊಂಬೆಗಳಾಗಿದ್ದವು. ಎಷ್ಟು ತೊಳೆದರೂ ಬಿಡದು. ಮಧ್ಯಾಹ್ನ ತಾಯಂದಿರು ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಬೈಗುಳ ಬರುತ್ತದೆಂದು ಕಾಯುತ್ತಿದ್ದೆ. ಅವರ ನಡುವಿನಿಂದ ಎತ್ತರದ ಒಬ್ಬಳು ಹೆಂಗಸು ಮುಂದೆ ಬಂದು ಒಂದು ಮಗುವಿನ ಗಲ್ಲ ಮುಟ್ಟಿ ನೋಡಿದಳು.

"ಯವ್ವಾ, ನೋಡ್ರೇ ಇಲ್ಲಿ! ಅಕ್ಕೋರು ಕೂಸುಗೋಳಿಗಿ ಪ್ಲಾಸ್ಟರ್ ಮಾಡ್ಯಾರ. ಇನ್ನ ಸುಣ್ಣ ಬಳದ್ರ ಆತು, ಒಳಗ ಹೋಗಿ ಇರಬಹುದು."

ಎಲ್ಲರೂ ನಕ್ಕರು. ಆ ಕಡೆಯವರು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಅವತ್ತಿನಿಂದ ನಾನು ಅಕ್ಕೋರಾದೆ. ಎತ್ತರದ ಆ ಹೆಂಗಸು ನಾಗಮ್ಮ.

ನಮ್ಮ ಬಾಲವಾಡಿಗೆ ನಿಂತ ಜಾಗ ಇರಲಿಲ್ಲ. ಮೊದಲು ಸಿಮೆಂಟ್ ಗೋಡೌನಿನ ಮೂಲೆ. ಕೆಳಗಿನ ಮನೆಗಳ ಗೋಡೆ ಎದ್ದ ಮೇಲೆ ಅಲ್ಲಿಗೆ. ಅಲ್ಲಿ ಟೈಲ್ಸ್ ಹಾಕುವವರು ಬಂದರೆ ಒಂದು ಮಹಡಿ ಮೇಲಕ್ಕೆ. ತಲೆಯ ಮೇಲಿನ ಹೊಸ ಸ್ಲ್ಯಾಬಿಗೆ ನೀರು ಕಟ್ಟಿರುತ್ತಿದ್ದರು, ಅದು ಸದಾ ತೊಟ್ಟಿಕ್ಕುತ್ತಿತ್ತು. ಯಾರದೋ ಹಾಲ್ ಆಗಬೇಕಾದಲ್ಲಿ ನಮ್ಮ ಮಕ್ಕಳು ಮಲಗಿದವು, ಯಾರದೋ ಅಡುಗೆಮನೆಯಲ್ಲಿ ನಾನು ಗಂಜಿ ಬೇಯಿಸಿದೆ. ಬಣ್ಣ ಬಳಿದು ಕಿಟಕಿಗೆ ಗಾಜು ಕೂರಿಸುವ ಹೊತ್ತಿಗೆ ನಾವು ಗಂಟುಮೂಟೆ ಕಟ್ಟುತ್ತಿದ್ದೆವು. ಈಗಲೂ ಭಾಂಡುಪಿನ ಆ ಕಾಲೊನಿಯ ಮುಂದೆ ಹೋಗುವಾಗ ನಾನು ತಲೆಯೆತ್ತಿ ನೋಡುತ್ತೇನೆ. ಕಿಟಕಿಗಳಲ್ಲಿ ಬೇರೆಯವರ ಬಟ್ಟೆ ಒಣಗುತ್ತಿರುತ್ತದೆ.

ಹುಡುಗಿಯರು ತೋರಿಸಿದ ಎಲೆಯ ಬೋರ್ಡು ನಮಗಿರಲಿಲ್ಲ. ಆದರೆ ಆಗ ಸಿಮೆಂಟು ಸೆಣಬಿನ ಚೀಲದಲ್ಲಿ ಬರುತ್ತಿತ್ತು. ಖಾಲಿ ಚೀಲವನ್ನು ಝಾಡಿಸಿ, ಎರಡು ಮೂರು ಸಲ ಒಗೆದರೆ ಒಳ್ಳೆಯ ಮೆತ್ತನೆಯ ಬಟ್ಟೆ. ನಮ್ಮವರು ಕಬ್ಬಿಣದ ಸರಳಿನ ತುಂಡುಗಳನ್ನು ಬಗ್ಗಿಸಿ ಕೊಕ್ಕೆ ಮಾಡಿಕೊಡುತ್ತಿದ್ದರು. ಚೀಲ ಹೊಲಿದು ಅದಕ್ಕೆ ತೂಗುಹಾಕಿದರೆ ತೊಟ್ಟಿಲು. ಕಾಂಕ್ರೀಟಿಗೆ ಅಚ್ಚು ಹಿಡಿದ ಹಲಗೆಗಳಲ್ಲಿ ಮುರಿದದ್ದು ನಮಗೆ ಕಪ್ಪುಹಲಗೆ. ಬಣ್ಣದ ಖಾಲಿ ಡಬ್ಬ ನೀರಿಗೆ. ಎಸೆಯುವುದು ಎಂಬ ಮಾತೇ ಸೈಟಿನಲ್ಲಿ ಇರಲಿಲ್ಲ.

ಇನ್ನು ಸ್ಲ್ಯಾಬಿನ ದಿನದ ವಿಷಯ. ಹೊಸಬರು ಇದನ್ನು ನೋಡಿರಲಾರರು. ಸ್ಲ್ಯಾಬ್ ಹಾಕಲು ಶುರು ಮಾಡಿದರೆ ಮುಗಿಯುವವರೆಗೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದಲ್ಲಿ ಹಳೆಯ ಕಾಂಕ್ರೀಟಿಗೂ ಹೊಸದಕ್ಕೂ ಬೆಸುಗೆ ಹತ್ತದೆ ಮುಂದೆ ಸೋರುತ್ತದೆ. ಕೆಳಗೆ ನಮ್ಮವರ ಮಿಕ್ಸರ್ ತಿರುಗುತ್ತದೆ. ಅಲ್ಲಿಂದ ಮೇಲಿನವರೆಗೆ ಇಳಿಜಾರು ಹಲಗೆಗಳ ಮೇಲೆ ಹೆಂಗಸರ ಸಾಲು. ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಾ ಅನ್ನುತ್ತಿದ್ದೆವು, ಕೈಯಿಂದ ಕೈಗೆ ಮೇಲಕ್ಕೆ ಹೋಗುತ್ತದೆ, ಖಾಲಿಯದು ಹಾರುತ್ತ ಕೆಳಗೆ ಬರುತ್ತದೆ. ಒಬ್ಬಳು ಸಾಲು ಬಿಟ್ಟರೆ ಸರಪಳಿ ಕಡಿಯುತ್ತದೆ. ಹಾಗಾಗಿ ಯಾರೂ ಬಿಡುವ ಹಾಗಿಲ್ಲ. ನನ್ನ ಹತ್ತಿರ ಎದೆಹಾಲು ಕುಡಿಯುವ ಕೂಸುಗಳು ಅತ್ತು ಅತ್ತು ನೀಲಿಯಾಗುತ್ತಿದ್ದವು. ಮೇಲೆ ಸಾಲಿನಲ್ಲಿ ನಿಂತ ತಾಯಂದಿರ ರವಿಕೆ ಹಾಲಿನಿಂದ ನೆನೆದು, ಅದರ ಮೇಲೆ ಸಿಮೆಂಟು ಕೂತು ರಟ್ಟಿನ ಹಾಗೆ ಆಗಿರುತ್ತಿತ್ತು.

ಮೊದಲ ಸ್ಲ್ಯಾಬಿನ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ.

"ನಿಮ್ಮ ಮಿಕ್ಸರಿಗೆ ಒಂದು ಗಳಿಗೆ ನಿಲ್ಲಲಿಕ್ಕೆ ಎಂತ ಕಷ್ಟ?" ಎಂದು ಕೇಳಿದೆ.

"ಮಿಕ್ಸರಿಗೆ ಕಷ್ಟ ಇಲ್ಲ ಮಾರಾಯ್ತಿ. ನಿಲ್ಲಿಸಿದವನಿಗೆ ಉಂಟು."

ಕೈ ತೊಳೆದು ಬಂದು ಮತ್ತೆ ಹೇಳಿದರು. "ಇಂಜಿನಿನ ಸದ್ದಿಗೆ ನನಗೆ ಕೂಸುಗಳ ಅಳು ಕೇಳುವುದಿಲ್ಲ. ನೀನು ಹೊತ್ತು ನೋಡಿ ಕಿಟಕಿಗೆ ಒಂದು ಬಟ್ಟೆ ಹಾಕು. ಒದ್ದೆ ಗೋಣಿ ಮುಚ್ಚಿಟ್ಟರೆ ಕಾಂಕ್ರೀಟು ಅಷ್ಟು ಹೊತ್ತು ತಡೀತದೆ. ಉಳಿದದ್ದು ನಾನು ನೋಡಿಕೊಳ್ತೇನೆ."

ಮುಂದಿನ ಸ್ಲ್ಯಾಬಿನ ದಿನ ನಾನು ಹಳದಿ ಬೆಡ್‌ಶೀಟಿನ ತುಂಡೊಂದನ್ನು ಕಿಟಕಿಗೆ ನೇತುಹಾಕಿದೆ. ಮಿಕ್ಸರಿನ ಸದ್ದು ನಿಂತಿತು. ಬೆಲ್ಟ್ ಜಾರುತ್ತಿದೆ ಎಂದು ಇವರು ಕೂಗಿದ್ದು ಕೇಳಿಸಿತು. ಹೆಂಗಸರು ಹಲಗೆಗಳ ಮೇಲಿಂದ ಓಡಿಬಂದರು. ಕೈ ತೊಳೆದು, ಸೆರಗು ಮುಚ್ಚಿ ಗೋಡೆಯ ಉದ್ದಕ್ಕೂ ಕೂತರು. ಇಡೀ ಸೈಟು ಸದ್ದಿಲ್ಲದೆ ಇತ್ತು. ಕೂಸುಗಳು ಹಾಲು ನುಂಗುವ ಸದ್ದು ಮಾತ್ರ. ನನ್ನ ಕೆಲಸದ ಅಷ್ಟು ವರ್ಷಗಳಲ್ಲಿ ನನಗೆ ಅದಕ್ಕಿಂತ ಹೆಚ್ಚಿನದು ಏನೂ ಸಿಕ್ಕಿಲ್ಲ. ಆಮೇಲಾಮೇಲೆ ಸೈಟಿನಲ್ಲಿ ಅದಕ್ಕೆ ದೂಧ್ ಛುಟ್ಟಿ, ಹಾಲಿನ ರಜೆ, ಎಂಬ ಹೆಸರೇ ಬಿದ್ದಿತು.

ನಾಗಮ್ಮನೂ ಓಡಿಬಂದು ಅವರ ನಡುವೆ ಕೂರುತ್ತಿದ್ದಳು. ಅವಳ ಮಡಿಲಲ್ಲಿ ಮಗು ಇರಲಿಲ್ಲ. ಮೂರನೆಯದೋ ನಾಲ್ಕನೆಯದೋ ಸ್ಲ್ಯಾಬಿನ ದಿನ ಕೇಳಿದೆ.

"ಮಗಳದಾಳ್ರಿ, ಶರಣಿ ಅಂತ. ಊರಾಗ ನಮ್ಮ ಅತ್ತಿ ಹಂತ್ಯಾಕ ಬಿಟ್ಟು ಬಂದೀನಿ. ಹಿಂದಿನ ಸೈಟಿನ್ಯಾಗ ಇಂಥಾದ್ದು ಏನೂ ಇದ್ದಿದ್ದಿಲ್ರಿ. ರೇತಿ ರಾಶಿ ಮ್ಯಾಲ ಮಲಗಿಸಿದ್ದೆ, ಲಾರಿ ಹಿಂದಕ ಸರದು ಬಂತು. ಅದರ ಪುಣ್ಯಾ, ಯಾರೋ ಎತಗೊಂಡ್ರು. ಮರುದಿನಾನ ಊರಿಗಿ ಕಳಿಸಿದೆ."

"ಮತ್ತೆ ಇಲ್ಲಿ ಬಂದು ಕೂರುವುದು?"

"ಎಲ್ಲಾರು ಕುಂಡ್ರತಾರ, ನಾನೂ ಕುಂಡ್ರತೀನ್ರಿ" ಎಂದಳು.

ಹೀಗೆ ಕೆಲವು ಸ್ಲ್ಯಾಬುಗಳು ನಡೆದವು. ನಮ್ಮ ಸೈಟ್ ಇಂಜಿನಿಯರ್ ಮೂರ್ತಿ ಸಾಹೇಬರು ಮೈಸೂರಿನವರು. ಮಡಿಕೆ ಮುರಿಯದ ಅಂಗಿ, ಜೇಬಿನಲ್ಲಿ ಪೆನ್ನು, ಕೋಪ ಬಂದರೂ ರೀ ಬಿಡದವರು. ಒಂದು ದಿನ ಅವರು ಮೇಲಿನಿಂದ ಇಳಿದು ನೇರ ಮಿಕ್ಸರಿನ ಹತ್ತಿರ ಬಂದರು. ನಾನು ಕಿಟಕಿಯಲ್ಲೇ ಇದ್ದೆ.

"ಏನ್ರೀ ರಾಘವ, ಯಾಕೆ ನಿಂತಿದೆ?"

"ಬೆಲ್ಟ್ ಜಾರ್ತದೆ ಸಾರ್."

"ಹೋದ ಸಲಾನೂ ಜಾರ್ತು."

"ಹೌದು ಸಾರ್. ಹಳೇ ಬೆಲ್ಟು."

"ಅದೇನ್ರೀ ನಿಮ್ಮ ಬೆಲ್ಟು, ಊಟದ ಗಂಟೆ ಹೊಡೆದ ಹಾಗೆ ಸರಿಯಾಗಿ ಒಂದೇ ಹೊತ್ತಿಗೆ ಜಾರುತ್ತೆ?"

ಇವರು ಬಗ್ಗಿ ಬೆಲ್ಟನ್ನು ಮುಟ್ಟಿ ನೋಡತೊಡಗಿದರು. ಸಾಹೇಬರು ಸುತ್ತ ನೋಡಿದರು. ಖಾಲಿ ಘಮೇಲಾಗಳ ರಾಶಿ, ಮೇಲೆ ಹಲಗೆಗಳ ಮೇಲೆ ಯಾರೂ ಇಲ್ಲ. ಆಮೇಲೆ ನನ್ನ ಕಿಟಕಿಯ ಕಡೆ ತಿರುಗಿದರು. ಗೋಡೆಯುದ್ದಕ್ಕೂ ಕೂತವರನ್ನು ಕಂಡ ಕೂಡಲೇ ಮುಖ ತಿರುಗಿಸಿಕೊಂಡರು. ಇವತ್ತಿಗೆ ಇವರ ಕೆಲಸ ಹೋಯಿತು ಎಂದುಕೊಂಡೆ. ಸಾಹೇಬರು ಮೇಲಕ್ಕೆ ಹತ್ತಿ ಹೋಗಿ, ಗೋಣಿಗಳಿಗೆ ಸರಿಯಾಗಿ ನೀರು ಹೊಡೀರಿ ಎಂದು ಅಲ್ಲಿದ್ದವರಿಗೆ ಕೂಗಿದರು.

ಮುಂದಿನ ಸ್ಲ್ಯಾಬಿನ ದಿನ ನಾನು ಬಟ್ಟೆ ಹಾಕುವ ಮೊದಲೇ ಅವರ ದನಿ ಕೇಳಿಸಿತು. "ರಾಘವ, ಬೆಲ್ಟ್ ನೋಡ್ಕೊಳ್ರಿ. ಜಾರೋ ಹೊತ್ತಾಯ್ತು."

ಮೇಲಧಿಕಾರಿಗಳ ವಿಷಯ ಬರೆಯಬೇಕೆಂದರೆ ನನಗೆ ಬರೆಯಲು ಇರುವುದು ಇಷ್ಟೇ.

ಮಳೆಗಾಲದಲ್ಲಿ ನಾಗಮ್ಮ ಊರಿಗೆ ಹೋಗಿಬಂದಳು. ಬಂದವಳು ನಗಲಿಲ್ಲ. ದೂಧ್ ಛುಟ್ಟಿಗೂ ಬಂದು ಕೂರಲಿಲ್ಲ. ನಾನೇ ಹುಡುಕಿಕೊಂಡು ಹೋದೆ.

"ನನ್ನ ಗುರ್ತೇ ಹಿಡೀಲಿಲ್ರಿ ಅಕ್ಕೋರ. ಎತ್ತಿಕೊಳ್ಳಾಕ ಹೋದ್ರ ಚೀರತಾಳ. ಅತ್ತಿಗಿ ಅವ್ವಾ ಅಂತಾಳ. ನನಗ ಏನೂ ಅನ್ನಂಗಿಲ್ಲ. ಸುಮ್ಮ ನೋಡತಾಳ್ರಿ, ಬಂದ ಮಂದಿನ್ನ ನೋಡಿದಾಂಗ." ಸ್ವಲ್ಪ ತಡೆದು, "ಇನ್ನೊಂದು ಹುಟ್ಟಿದ್ರ ಅದನ್ನ ಬಿಡಾಂಗಿಲ್ಲ. ಕೆಲಸಾ ಹೋದ್ರ ಹೋಗ್ಲಿ" ಎಂದಳು.

ಭಾಂಡುಪ್ ಮುಗಿದ ಮೇಲೆ ಕಂಪನಿಯ ಬೇರೆ ಬೇರೆ ಸೈಟುಗಳಿಗೆ ಹೋದೆವು. ತೊಂಬತ್ತರ ಸುಮಾರಿಗೆ ಬೈಕುಲ್ಲಾದಲ್ಲಿ ದೊಡ್ಡ ಕೆಲಸ ಸಿಕ್ಕಿತು. ಹಳೆಯ ಗೋದಾಮುಗಳನ್ನು ಕೆಡವಿ ಎತ್ತರದ ಜೋಡಿ ಕಟ್ಟಡ. ಮೂರ್ತಿ ಸಾಹೇಬರೇ ಇಂಜಿನಿಯರು. ನಾಗಮ್ಮನೂ ಅದೇ ಗುಂಪಿನಲ್ಲಿ ಬಂದಳು. ಅವಳ ಬಗಲಲ್ಲಿ ಹೊಸ ಮಗು, ಬಸು. ಅದನ್ನು ನನ್ನ ಕೈಗೆ ಕೊಡುವಾಗ, "ಇವನ್ನ ನೀವ ಬೆಳಸ್ರಿ. ಆದ್ರ ಅವ್ವಾ ಅಂತ ನನಗ ಅನಬೇಕು ನೋಡ್ರಿ" ಎಂದು ಮೊದಲಿನ ಹಾಗೆ ನಕ್ಕಳು.

ಆ ಸೈಟಿನಲ್ಲಿ ಎಲ್ಲವೂ ಬದಲಾಗಿತ್ತು. ಸಿಮೆಂಟು ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತ್ತು. ಅದರಲ್ಲಿ ತೊಟ್ಟಿಲು ಮಾಡಿದರೆ ಕೂಸುಗಳ ಬೆನ್ನು ಬೆವರಿ ಬೊಕ್ಕೆ ಏಳುತ್ತಿತ್ತು. ಸೈಟಿನ ಮೂಲೆಯಲ್ಲಿ ಕಾಂಕ್ರೀಟು ಕಲಸುವ ದೊಡ್ಡ ಪ್ಲಾಂಟು, ಅಲ್ಲಿಂದ ಪಂಪು, ಕೊಳವೆ. ನಮ್ಮವರ ಮಿಕ್ಸರ್ ಬೇಡವಾಯಿತು. ಅವರನ್ನು ವಿಂಚ್ ಮೇಲೆ ಹಾಕಿದರು. ಇಟ್ಟಿಗೆ, ಮರಳು, ಗಾರೆ ತುಂಬಿದ ಕಬ್ಬಿಣದ ಪಂಜರವನ್ನು ತಂತಿ ಹಗ್ಗದಲ್ಲಿ ಮಹಡಿಗಳಿಗೆ ಎಳೆಯುವ ಯಂತ್ರ ಅದು. ಮನುಷ್ಯರು ಅದರಲ್ಲಿ ಹತ್ತುವ ಹಾಗಿರಲಿಲ್ಲ. ಆಪರೇಟರ್ ಕೆಳಗೆ ತಗಡಿನ ಮಾಡಿನಡಿ ಸ್ಟೂಲಿನ ಮೇಲೆ ಕೂತಿರುತ್ತಾನೆ. ಮೇಲಿನವರು ಹಗ್ಗ ಜಗ್ಗಿ ಗಂಟೆ ಬಾರಿಸುತ್ತಾರೆ. ಒಂದು ಹೊಡೆದರೆ ನಿಲ್ಲು, ಎರಡು ಹೊಡೆದರೆ ಮೇಲಕ್ಕೆ, ಮೂರು ಹೊಡೆದರೆ ಕೆಳಕ್ಕೆ. ಗಂಟೆ ಇಲ್ಲದೆ ಲಿವರ್ ಮುಟ್ಟುವ ಹಾಗಿಲ್ಲ.

ಪಂಪಿನಲ್ಲಿ ಮೊದಲ ಸ್ಲ್ಯಾಬ್ ಹಾಕಿದ ದಿನ ನಾನು ಅಭ್ಯಾಸದಿಂದ ಕಿಟಕಿಗೆ ಬಟ್ಟೆ ಹಾಕಿದೆ. ಇವರು ವಿಂಚಿನ ಹತ್ತಿರದಿಂದ ನನ್ನ ಕಡೆ ನೋಡಿ ಆಗದೆಂದು ಕೈಯಾಡಿಸಿದರು. ಪಂಪು ನಿಲ್ಲಿಸಿದರೆ ಕೊಳವೆಯಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತದೆ. ಆಮೇಲೆ ನೋಡಿದರೆ ನಿಲ್ಲಿಸುವ ಅಗತ್ಯವೂ ಇರಲಿಲ್ಲ. ಘಮೇಲಾದ ಸಾಲೇ ಇರಲಿಲ್ಲ. ಮಧ್ಯಾಹ್ನಕ್ಕೆಲ್ಲ ಸ್ಲ್ಯಾಬ್ ಮುಗಿದಿತ್ತು, ಯಾವ ಹೆಂಗಸಿನ ಕುತ್ತಿಗೆಯೂ ನೋಯಲಿಲ್ಲ. ಅದು ಒಳ್ಳೆಯದೇ. ನಾನು ಬಟ್ಟೆ ಒಳಗೆ ತೆಗೆದು ಮಡಿಸಿದೆ.

ವಾರದೊಳಗೆ ಮುಕಾದಮ, ಅಂದರೆ ಕೂಲಿಗಳ ಗುಂಪಿನ ಯಜಮಾನ, ಬಂದು ಹೇಳಿದ. ಇನ್ನು ಇಷ್ಟು ಹೆಂಗಸರು ಬೇಡ. ಇಟ್ಟಿಗೆ ಹೊರಲು, ಮರಳು ಜರಡಿ ಹಿಡಿಯಲು ಕೆಲವರು ಸಾಕು. ಮೊಲೆ ಕುಡಿಯುವ ಮಗು ಇರುವವರು ಹಬ್ಬಕ್ಕೆ ಮೊದಲು ಊರಿಗೆ ಹೊರಡಬೇಕು, ಇಲ್ಲ ಮಗುವನ್ನು ಕಳಿಸಬೇಕು. ಆತ ನಾಗಮ್ಮನಿಗೆ ದೂರದ ಸಂಬಂಧದಲ್ಲಿ ಮಾವ ಆಗಬೇಕು. ಅವಳ ಗಂಡ ಅದೇ ಗುಂಪಿನಲ್ಲಿ ಸರಳು ಕಟ್ಟುವವನು, ಮುಕಾದಮನಿಗೆ ಎದುರಾಡುವವನಲ್ಲ. ಬಸುವನ್ನು ಊರಿಗೆ ಕಳಿಸೋಣ ಎಂದ.

ಮರುದಿನ ಊಟದ ಹೊತ್ತಿಗೆ ನಾಗಮ್ಮ ಬಸುವನ್ನು ಎತ್ತಿಕೊಂಡು ನೇರ ವಿಂಚಿನ ಮಾಡಿಗೆ ಹೋದಳು. ನಾನು ಇವರಿಗೆ ಡಬ್ಬಿ ಕೊಡಲು ಅಲ್ಲೇ ಬಂದಿದ್ದೆ.

"ಅಣ್ಣಾರ, ಇದು ಕುಂತ ಮಾಡೂ ಕೆಲಸ ಐತಿ, ಹೌದಿಲ್ರಿ?"

"ಹೌದು."

"ಬಾಜೂಕ ತೊಟ್ಟಿಲಾ ಕಟ್ಟಬಹುದು, ಹೌದಿಲ್ರಿ?"

ಇವರು ತುತ್ತು ಕೈಯಲ್ಲಿ ಹಿಡಿದು ಅವಳ ಮುಖ ನೋಡಿದರು.

"ನನಗ ಕಲಿಸ್ರಿ. ಆ ಕಡೀ ಬಿಲ್ಡಿಂಗಿಗಿ ಇನ್ನೊಂದು ವಿಂಚ್ ಬರತೈತಂತ. ಬರೂದ್ರಾಗ ಕಲತಿರತೀನಿ."

ಅವತ್ತು ಮನೆಯಲ್ಲಿ ನಾನು ಹೆದರಿಕೊಂಡೇ ಕೇಳಿದೆ, ಏನಾದರೂ ಹೆಚ್ಚುಕಮ್ಮಿಯಾದರೆ ಏನು ಗತಿ ಎಂದು. "ನನಗೂ ಹೆದರಿಕೆ ಉಂಟು. ಆದರೆ ಕಲಿಸುವುದಿಲ್ಲ ಅಂತ ಹೇಗೆ ಹೇಳುವುದು? ಅವಳು ಎಷ್ಟು ಲೆಕ್ಕ ಹಾಕಿ ಕೇಳಿದಳು ನೋಡಿದೆಯಲ್ಲ" ಎಂದರು.

ಊಟದ ಹೊತ್ತಿನಲ್ಲಿ, ಖಾಲಿ ಪಂಜರದಲ್ಲಿ ಪಾಠ ಶುರುವಾಯಿತು. ಗಂಟೆ ಬಾರಿಸಲು ನಮ್ಮವರೇ ಪರಿಚಯದ ಗಾರೆಯವನೊಬ್ಬನನ್ನು ಮೇಲೆ ನಿಲ್ಲಿಸುತ್ತಿದ್ದರು. ಬ್ರೇಕನ್ನು ಹೆದರಿ ಒತ್ತಿದರೆ ಪಂಜರ ಕುಣಿಯುತ್ತದೆ, ಹೆದರದೆ ಒತ್ತಿದರೆ ತೂಗುತ್ತದೆ. "ಹಸು ಕರೆಯುವಾಗ ಹಿಡೀತಿಯಲ್ಲ, ಅಷ್ಟೇ ಬಿಗಿ" ಎಂದು ಇವರು ಹೇಳಿದರೆ, "ನಮ್ಮನ್ಯಾಗ ಹಸು ಎಲ್ಲದರಿ, ಕುರಿ ಐತಿ" ಎನ್ನುತ್ತಿದ್ದಳು. ಸುತ್ತ ಗಂಡಸರು ಬೀಡಿ ಹಚ್ಚಿ ಕೂತು ನೋಡುತ್ತಿದ್ದರು.

ಒಂದು ದಿನ ಮುಕಾದಮನೂ ಬಂದ. "ಹೆಂಗಸು ಮಷೀನ್ ಎಳದ್ರ ನಾವೇನು ಸೀರಿ ಉಟ್ಟು ರೇತಿ ಹೊರಬೇಕೇನ?"

ನಾಗಮ್ಮ ಲಿವರಿನಿಂದ ಕಣ್ಣು ತೆಗೆಯಲಿಲ್ಲ. "ಹೊರ್ರಿ ಮಾವ. ಸೀರಿ ನಾ ಕೊಡ್ತೀನಿ. ಕೆಂಪಂದು ನಿಮಗ ಒಪ್ಪತೈತಿ."

ಬೀಡಿ ಸೇದುತ್ತಿದ್ದವರೆಲ್ಲ ನಕ್ಕು ಕೆಮ್ಮಿದರು.

ಎರಡನೆಯ ವಿಂಚ್ ಬಂದು ನಿಂತಾಗ ನಮ್ಮವರು ಮೂರ್ತಿ ಸಾಹೇಬರ ಹತ್ತಿರ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ಸಾಹೇಬರು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಮ್ಮ, ಬೆಲ್ಟ್ ಜಾರಿಸೋದು ಬೇರೆ. ಇದು ತಲೆ ಮೇಲೆ ಇಟ್ಟಿಗೆ ನೇತಾಡೋ ಕೆಲಸ. ಏನಾದ್ರೂ ಆದ್ರೆ ಹೆಂಗಸನ್ನ ಯಾಕೆ ಕೂರಿಸಿದ್ರಿ ಅಂತ ಕೇಳ್ತಾರೆ. ಗಂಡಸಾದ್ರೆ ಕೇಳಲ್ಲ. ನ್ಯಾಯ ಅಲ್ಲ, ಆದ್ರೆ ಹಾಗೇ ಇರೋದು."

"ಒಂದು ಸಲ ನೋಡಿ ಸಾರ್" ಎಂದರು ಇವರು. ನಾನು ಬೇರೆ ಏನೂ ಹೇಳಲಾಗದೆ, ಅವಳ ಮೊದಲ ಮಗು ಅವಳನ್ನು ಗುರುತು ಹಿಡಿಯುವುದಿಲ್ಲ ಸಾರ್ ಎಂದೆ.

ಅವರು ಕನ್ನಡಕ ಹಾಕಿಕೊಂಡು ಎದ್ದು ಬಂದರು. ಪಂಜರಕ್ಕೆ ಇಟ್ಟಿಗೆ ತುಂಬಿಸಿದರು. ಸೈಟೆಲ್ಲ ಸೇರಿತು. ಗಂಟೆ ಎರಡು ಸಲ ಬಾರಿಸಿತು, ಪಂಜರ ಏರಿತು, ಚೆನ್ನಾಗಿಯೇ ಏರಿತು. ನಿಲ್ಲಿಸಲು ಗಂಟೆ ಒಂದು ಸಲ ಬಾರಿಸಿದಾಗ ನಾಗಮ್ಮ ಬ್ರೇಕನ್ನು ಜೋರಾಗಿ ಒತ್ತಿಬಿಟ್ಟಳು. ಪಂಜರ ಕುಲುಕಿ ಮೇಲಿನ ಸಾಲಿನ ಇಟ್ಟಿಗೆಗಳು ಒಳಗೇ ದಡದಡ ಬಿದ್ದವು. ಸಾಹೇಬರು ಎರಡು ಹೆಜ್ಜೆ ಹಿಂದೆ ಹಾರಿದರು. ಮುಕಾದಮ, "ಆತಲ್ಲ ಈಗ" ಎಂದ. ನಾಗಮ್ಮ ಮಾತ್ರ ಲಿವರ್ ಬಿಡಲಿಲ್ಲ. ಬೆವರು ಒರೆಸಿಕೊಳ್ಳಲೂ ಇಲ್ಲ. ಗಂಟೆ ಮೂರು ಸಲ ಬಾರಿಸುವವರೆಗೆ ಕಾದು, ಪಂಜರವನ್ನು ಮೆಲ್ಲಗೆ ನೆಲಕ್ಕೆ ತಂದಿಟ್ಟಳು.

"ನಾನು ಮೊದಲ ದಿನ ಮರಳಿನ ಗಾಡಿಯನ್ನೇ ಮಗುಚಿದ್ದೆ ಸಾರ್" ಎಂದರು ಇವರು.

"ಆವಾಗ ನಾನು ನೋಡ್ತಿರಲಿಲ್ಲ, ನಿಮ್ಮ ಪುಣ್ಯ" ಎಂದರು ಸಾಹೇಬರು. ಯಂತ್ರದ ಸುತ್ತ ಒಮ್ಮೆ ನಡೆದು ಬಂದರು. "ಬ್ರೇಕ್ ಕಲೀಬಹುದು. ಗಾಬರಿಯಾದ್ರೂ ಕೈ ಬಿಡಲಿಲ್ಲ, ಅದನ್ನ ಕಲಿಸೋಕಾಗಲ್ಲ. ಒಂದು ತಿಂಗಳು ನೀವು ಪಕ್ಕದಲ್ಲೇ ಕೂತಿರ್ಬೇಕು ರಾಘವ. ಆಮೇಲೆ ನೋಡೋಣ."

ಆಮೇಲೆ ನೋಡುವುದಕ್ಕೆ ಏನೂ ಉಳಿಯಲಿಲ್ಲ. ಆ ಕಡೆಯ ವಿಂಚ್ ನಾಗಮ್ಮನದಾಯಿತು. ಮಾಡಿನಡಿ ಇವರು ಬಗ್ಗಿಸಿಕೊಟ್ಟ ಕೊಕ್ಕೆಯಲ್ಲಿ, ನಾನು ಹುಡುಕಿ ತಂದ ಹಳೆಯ ಸೆಣಬಿನ ಚೀಲದ ತೊಟ್ಟಿಲಲ್ಲಿ ಬಸು ಮಲಗುತ್ತಿದ್ದ. ತೆವಳತೊಡಗಿದ ಮೇಲೆ ಮತ್ತೆ ನನ್ನ ಬಾಲವಾಡಿಗೆ ಬಂದ.

ಹೊಸಬರಿಗೆ ಸುಳ್ಳು ಹೇಳಬಾರದು. ಆ ಕಟ್ಟಡ ಮುಗಿದಾಗ ವಿಂಚನ್ನು ಬಿಚ್ಚಿ ಲಾರಿಗೆ ಹಾಕಿದರು. ಮುಂದಿನ ಸೈಟಿನಲ್ಲಿ ಬೇರೆ ಇಂಜಿನಿಯರು. ಆಪರೇಟರಿಗೆ ಸರ್ಟಿಫಿಕೇಟ್ ಬೇಕು ಎಂದರು. ನಾಗಮ್ಮ ಓದಿದವಳಲ್ಲ. ಅವಳ ಗುಂಪು ವಾಶಿಯ ಕಡೆಗೆ ಹೋಯಿತು, ಅಲ್ಲಿ ಮತ್ತೆ ಇಟ್ಟಿಗೆ ಹೊತ್ತಳೆಂದು ಕೇಳಿದೆ. ಆಮೇಲೆ ಸುದ್ದಿಯಿಲ್ಲ. ನಾನು ನಿವೃತ್ತಳಾಗುವವರೆಗೆ ಇನ್ನೊಬ್ಬ ಹೆಂಗಸನ್ನು ವಿಂಚಿನ ಮೇಲೆ ನೋಡಲಿಲ್ಲ. ನಮ್ಮವರು ಹಾಸಿಗೆ ಹಿಡಿದಾಗ ಒಂದು ದಿನ ಇದ್ದಕ್ಕಿದ್ದ ಹಾಗೆ, "ಅವಳಿಗೆ ಬ್ರೇಕ್ ನನಗಿಂತ ಚೆಂದ ಕೂತಿತ್ತು" ಎಂದರು. ಯಾರಿಗೆ ಎಂದು ನಾನು ಕೇಳಬೇಕಾಗಲಿಲ್ಲ.

ಆದರೆ ಬೈಕುಲ್ಲಾದ ಆ ಕಟ್ಟಡ ಇನ್ನೂ ಏರುತ್ತಿದ್ದಾಗಿನ ಒಂದು ದಿನವನ್ನು ಬರೆಯದೆ ನಿಲ್ಲಿಸಲಾರೆ. ಹಬ್ಬ ಕಳೆದಿತ್ತು. ನಾಗಮ್ಮನ ಅತ್ತೆ ಶರಣಿಯನ್ನು ಕರೆದುಕೊಂಡು ಊರಿನಿಂದ ಬಂದಳು. ಮುದುಕಿಗೆ ಕಣ್ಣು ಮಂಜಾಗಿತ್ತು, ಇನ್ನು ಹುಡುಗಿಯನ್ನು ನೋಡಿಕೊಳ್ಳಲಾಗದು, ನೀವೇ ಇಟ್ಟುಕೊಳ್ಳಿ ಎಂದು ತಂದಿದ್ದಳು. ನಾನೇ ಅವರನ್ನು ಗೇಟಿನಿಂದ ವಿಂಚಿನ ಕಡೆ ಕರೆದುಕೊಂಡು ಹೋದೆ. ಶರಣಿ ಬೆಳೆದಿದ್ದಳು, ತಾಯಿಯ ಹಾಗೆಯೇ ಉದ್ದ ಕೈಕಾಲು. ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಪಂಜರ ಅರ್ಧ ದಾರಿಯಲ್ಲಿತ್ತು. ನಾಗಮ್ಮ ತಿರುಗಿ ನೋಡುವ ಹಾಗಿರಲಿಲ್ಲ. ಕಣ್ಣು ಮೇಲೆಯೇ ಇಟ್ಟು, "ಬಂದ್ಯೇನ ನನ ಕಂದಾ" ಎಂದಳು. ಹುಡುಗಿ ಅಜ್ಜಿಯ ಹಿಂದೆ ಸರಿದಳು.

ನಮ್ಮವರು ತಮ್ಮ ವಿಂಚ್ ನಿಲ್ಲಿಸಿ ಓಡಿಬಂದರು. "ಬಿಡು ನಾಗಮ್ಮ, ನಾನು ಹಿಡೀತೇನೆ. ಮಗಳನ್ನು ಮಾತಾಡಿಸು."

"ಬ್ಯಾಡ್ರಿ ಅಣ್ಣಾರ" ಎಂದಳು. "ನೋಡ್ಲಿ."

ಪಂಜರ ಮೇಲೆ ಹೋಯಿತು, ಖಾಲಿಯಾಯಿತು, ಇಳಿದು ಬಂದು ಸದ್ದಿಲ್ಲದೆ ನೆಲ ಮುಟ್ಟಿತು. ಊಟದ ಹೊತ್ತಾಗಿತ್ತು. ಮೇಲಿನ ಗಾರೆಯವರೆಲ್ಲ ಮೆಟ್ಟಿಲಿಳಿದು ನಲ್ಲಿಯ ಕಡೆ ಹೋದರು. ಶರಣಿ ಯಾವಾಗ ಅಜ್ಜಿಯ ಸೆರಗು ಬಿಟ್ಟಳೋ ನನಗೆ ತಿಳಿಯಲಿಲ್ಲ. ಯಾರೂ ಒಳಗೆ ಬಾರದಂತೆ ಅಡ್ಡಕ್ಕೆ ಕಟ್ಟಿದ ಹಗ್ಗದ ಹತ್ತಿರ ಬಂದು ನಿಂತಿದ್ದಳು.

"ಇದನ್ನ ನೀನ ನಡಸ್ತಿಯೇನು?"

ನಾಗಮ್ಮ ಈಗ ಅವಳ ಕಡೆ ತಿರುಗಿದಳು. "ಹೂಂನವ್ವಾ. ನಾನ."

"ಮ್ಯಾಲಿನ ತನಕ?"

"ಮ್ಯಾಲಿನ ತನಕ."

ಹುಡುಗಿ ತಲೆ ಹಿಂದಕ್ಕೆ ಬಾಗಿಸಿ ಕಟ್ಟಡದ ತುದಿ ನೋಡಿದಳು. "ಇನ್ನೊಮ್ಮಿ ನಡಸು."

ನಾಗಮ್ಮನ ಕೈ ಲಿವರಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಗಂಟೆ ಇಲ್ಲದೆ ಮುಟ್ಟುವ ಹಾಗಿಲ್ಲ. ಮೇಲೆ ಯಾರೂ ಇರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಇವರೇನಾದರೂ ದಾರಿ ಹೇಳಿಯಾರೆಂದು ತಿರುಗಿದೆ. ಪಕ್ಕದಲ್ಲೇ ಇದ್ದವರು ಕಾಣಲಿಲ್ಲ. ನಲ್ಲಿಯ ಹತ್ತಿರ ನೋಡಿದೆ, ಅವರ ವಿಂಚಿನ ಹತ್ತಿರ ನೋಡಿದೆ. ಎಲ್ಲೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲಿ ಹೋದರು ಎಂದು ಸಿಟ್ಟು ಬಂತು. ಹುಡುಗಿ ಕಾಯುತ್ತಿದ್ದಳು, ನಾಗಮ್ಮ ಕಾಯುತ್ತಿದ್ದಳು, ನಾನು ಸುತ್ತ ಹುಡುಕುತ್ತಲೇ ಇದ್ದೆ.

ಬಹಳ ಹೊತ್ತಾದ ಮೇಲೆ, ತೀರಾ ಮೇಲಿನ ಮಹಡಿಯಿಂದ ಗಂಟೆ ಎರಡು ಸಲ ಬಾರಿಸಿತು.